ಅಮೆರಿಕದ ಊರಿನಲ್ಲಿ ಯಾವ ಜನ ಎಲ್ಲಿದ್ದಾರೆ? ನೀವೇ ಪತ್ತೆ ಹಚ್ಚುವ ಬಗೆ

ಅಮೆರಿಕದಲ್ಲಿ ಮನೆ ಹುಡುಕಲು ಹೊರಟ ನಮ್ಮವರು ಏಜೆಂಟ್ ಹತ್ತಿರ ತಪ್ಪದೆ ಕೇಳುವ ಪ್ರಶ್ನೆ, "ಇಲ್ಲಿ ಇಂಡಿಯನ್ಸ್ ಜಾಸ್ತಿ ಇರುವ ಏರಿಯಾ ಯಾವುದು?" ನಾನೂ ಕೇಳಿದ್ದೆ. ಅಲ್ಲಿಯವರೆಗೆ ಅಡುಗೆಮನೆ, ಗ್ಯಾರೇಜು, ತೆರಿಗೆ ಅಂತ ಒಂದೇ ಸಮ ಮಾತಾಡುತ್ತಿದ್ದ ಆಕೆ ಥಟ್ಟನೆ ಸುಮ್ಮನಾದರು. "ಅದನ್ನು ನಾನು ಹೇಳುವ ಹಾಗಿಲ್ಲ, ನೀವೇ ನೋಡಿಕೊಳ್ಳಿ" ಅಂದರು. ಇಷ್ಟಕ್ಕೂ ಏನು ಕೇಳಿಬಿಟ್ಟೆ ಅಂತ ಅವತ್ತು ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯಿತು, ಆಕೆ ಮಾಡಿದ್ದೇ ಸರಿ.

1968ರ ಫೇರ್ ಹೌಸಿಂಗ್ ಆಕ್ಟ್ ಪ್ರಕಾರ ಬಣ್ಣ, ಜನಾಂಗ, ಧರ್ಮ, ಮೂಲ ದೇಶ ನೋಡಿ ಯಾರನ್ನೂ ಒಂದು ಬಡಾವಣೆ ಕಡೆಗೆ ತಳ್ಳುವಂತಿಲ್ಲ, ಇನ್ನೊಂದರಿಂದ ದೂರ ಇಡುವಂತಿಲ್ಲ. ಹಾಗೆ ಮಾಡುವುದಕ್ಕೆ ಸ್ಟೀರಿಂಗ್ ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದ "ನಿಮ್ಮವರೆಲ್ಲ ಆ ಕಡೆ ಇದ್ದಾರೆ" ಅಂದರೂ ಅದು ಸ್ಟೀರಿಂಗ್ ಆಗಬಹುದು, ಅದಕ್ಕೇ ಏಜೆಂಟರು ಬಾಯಿ ಬಿಡುವುದಿಲ್ಲ. ಈ ಕಾನೂನು ಸುಮ್ನೆ ಬಂದಿದ್ದಲ್ಲ. 1930ರ ದಶಕದಲ್ಲಿ ಸರ್ಕಾರದ್ದೇ ಒಂದು ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಬರೆಸಿ, ಆಫ್ರಿಕನ್ ಅಮೆರಿಕನ್ನರು ಇರುವ ಬಡಾವಣೆಗಳಿಗೆ ಕೆಂಪು ಬಣ್ಣ ಹಚ್ಚಿಸಿತ್ತು. ಕೆಂಪು ಅಂದರೆ ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ. ಇನ್ನು ಎಷ್ಟೋ ಮನೆಗಳ ಪತ್ರದಲ್ಲೇ "ಬಿಳಿಯರಲ್ಲದವರಿಗೆ ಮಾರುವಂತಿಲ್ಲ" ಅನ್ನುವ ಷರತ್ತು ಇರುತ್ತಿತ್ತು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಆದ್ದರಿಂದ ಇವತ್ತು ಒಂದು ಜನ ಒಂದೇ ಕಡೆ ಗುಂಪಾಗಿ ಕಾಣಿಸಿದರೆ, ಅವರು ಬೇಕು ಅಂತಲೇ ಅಲ್ಲಿದ್ದಾರೋ ಅಥವಾ ಬೇರೆ ಕಡೆ ಬಿಡದೆ ಅಲ್ಲಿ ಉಳಿದರೋ ಅಂತ ಎರಡು ಸಲ ಯೋಚಿಸಬೇಕು.

ಏಜೆಂಟ್ ಹೇಳುವಂತಿಲ್ಲ, ಆದರೆ ನೀವು ಹುಡುಕುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮನೆಗಾಗಿ ಇರಬಹುದು, ಅಂಗಡಿ ಹಾಕುವುದಕ್ಕೆ ಇರಬಹುದು, ಒಳ್ಳೆಯ ಇಥಿಯೋಪಿಯನ್ ಊಟಕ್ಕೆ ಇರಬಹುದು, ಅಥವಾ ಬರೀ ಕುತೂಹಲಕ್ಕೂ ಇರಬಹುದು. ನಾನು ಇಷ್ಟು ವರ್ಷದಲ್ಲಿ ಕಲಿತುಕೊಂಡ ದಾರಿ ಇದು.

ಮೊದಲು, ಬೋರ್ಡಿನ ಮೇಲಿನ ಹೆಸರು ನಂಬಬೇಡಿ

ಬಡಾವಣೆಯ ಹೆಸರು ಹೇಳುವುದು ಹಿಂದೆ ಯಾರು ಬಂದಿದ್ದರು ಅಂತ. ಈಗ ಯಾರು ಇದ್ದಾರೆ ಅಂತ ಅಲ್ಲ. ಷಿಕಾಗೋದ ಪಿಲ್ಸೆನ್ ನೋಡಿ. ಹೆಸರು ಚೆಕ್ ದೇಶದ ಊರಿನದು, ಕಟ್ಟಿಸಿದವರು ಚೆಕ್ ಜನ. ಆದರೆ ಈಗ ಅಲ್ಲಿ ಗೋಡೆ ತುಂಬ ಮೆಕ್ಸಿಕನ್ ಚಿತ್ರಗಳು, ನ್ಯಾಷನಲ್ ಮ್ಯೂಸಿಯಂ ಆಫ್ ಮೆಕ್ಸಿಕನ್ ಆರ್ಟ್ ಕೂಡ ಅಲ್ಲೇ ಇದೆ. ಅದರಲ್ಲೂ ಬಾಡಿಗೆ ಏರಿ ಎಷ್ಟೋ ಮೆಕ್ಸಿಕನ್ ಕುಟುಂಬಗಳು ಅಲ್ಲಿಂದ ಹೊರಟಾಗಿದೆ. ಇವತ್ತಿನ ಮೆಕ್ಸಿಕನ್ ಬದುಕು ನೋಡಬೇಕು ಅಂದರೆ 26ನೇ ಬೀದಿಯ ಲಿಟಲ್ ವಿಲೇಜ್‌ಗೆ ಹೋಗಬೇಕು.

ಲಾಸ್ ಏಂಜಲೀಸ್‌ನ ಕೊರಿಯಾಟೌನ್‌ನದು ಇನ್ನೂ ತಮಾಷೆ. ಬೋರ್ಡುಗಳೆಲ್ಲ ಕೊರಿಯನ್ ಲಿಪಿಯಲ್ಲಿ, ಬ್ಯಾಂಕು, ಚರ್ಚು, ಮಾಂಸ ಸುಡುವ ಹೋಟೆಲ್ಲು ಎಲ್ಲವೂ ಅವರದೇ. ಆದರೆ ಮೇಲಿನ ಅಪಾರ್ಟ್‌ಮೆಂಟುಗಳಲ್ಲಿ ಇರುವವರಲ್ಲಿ ಮೆಕ್ಸಿಕೊ, ಮಧ್ಯ ಅಮೆರಿಕ ಮೂಲದವರೇ ಜಾಸ್ತಿ. ಮಯಾಮಿಯ ಲಿಟಲ್ ಹವಾನಾದಲ್ಲಿ ಪ್ರವಾಸಿಗರು ಕ್ಯೂಬನ್ ಕಾಫಿ ಕುಡಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅಕ್ಕಪಕ್ಕದ ಬೀದಿಗಳಲ್ಲಿ ನಿಕರಾಗುವಾ, ಹೊಂಡುರಾಸ್ ಮೂಲದವರು ಬಾಡಿಗೆಗೆ ಇದ್ದಾರೆ, ಕ್ಯೂಬನ್ನರಲ್ಲಿ ಬಹಳಷ್ಟು ಜನ ಪಕ್ಕದ ಹಯಾಲಿಯಾ ಊರಿನ ಕಡೆಗೆ ಹೋಗಿ ಎಷ್ಟೋ ಕಾಲವಾಯಿತು. ಮ್ಯಾನ್‌ಹಟನ್‌ನ ಲಿಟಲ್ ಇಟಲಿ ಈಗ ಮಲ್ಬೆರಿ ಬೀದಿಯ ಒಂದಷ್ಟು ಹೋಟೆಲುಗಳು, ಅಷ್ಟೇ. ಸುತ್ತಲೂ ಚೈನಾಟೌನ್.

ಅಂಗಡಿ ಬೀದಿ ಬೇರೆ, ಮನೆ ಇರುವ ಜಾಗ ಬೇರೆ, ಇದನ್ನು ಮರೆಯಬೇಡಿ. ಷಿಕಾಗೋದ ಡೆವಾನ್ ಅವೆನ್ಯೂ ಹಿಂದೆ ಯಹೂದಿಗಳ ಬೀದಿ. ಈಗ ಸೀರೆ, ಚಿನ್ನ, ಹಲಾಲ್ ಮಾಂಸ. ಅಮೆರಿಕದ ಉದ್ದಗಲಕ್ಕೂ ಹರಡಿರುವ ಭಾರತೀಯ ಕಿರಾಣಿ ಅಂಗಡಿ ಸರಣಿ ಪಟೇಲ್ ಬ್ರದರ್ಸ್ 1974ರಲ್ಲಿ ಶುರುವಾಗಿದ್ದು ಇಲ್ಲೇ. ಆದರೆ ಶನಿವಾರ ಅಲ್ಲಿ ಕಾರು ನಿಲ್ಲಿಸಲು ಪರದಾಡುವ ಭಾರತೀಯರಲ್ಲಿ ಬಹಳಷ್ಟು ಜನ ನೇಪರ್‌ವಿಲ್, ಷಾಂಬರ್ಗ್‌ನಂಥ ಉಪನಗರಗಳ ಕಡೆಯಿಂದ ಬಂದವರು. ಬೀದಿ ನೋಡಿ ಅಲ್ಲೇ ಮನೆ ಮಾಡಿದರೆ, ವಾರಕ್ಕೊಮ್ಮೆ ಬರುವವರ ಟ್ರಾಫಿಕ್ಕಿನ ಮಧ್ಯೆ ಇರುತ್ತೀರಿ.

ಯಾಕೆ ಬಂದರು ಅಂತ ಕೇಳಿ

ನನಗೆ ಅತ್ಯಂತ ಉಪಯೋಗಕ್ಕೆ ಬಂದಿದ್ದು ಈ ಒಂದು ಪ್ರಶ್ನೆ. ಈ ಜನ ಈ ಊರಿಗೆ ಯಾಕೆ ಬಂದರು? ಅದು ಗೊತ್ತಾದರೆ, ಎಲ್ಲಿದ್ದಾರೆ ಅನ್ನುವುದು ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ.

ಮೊದಲನೆಯದು ಕೆಲಸ. ಕೆಲಸಕ್ಕೆ ಬಂದವರು ಕಾರ್ಖಾನೆ ಪಕ್ಕ ಇರುತ್ತಾರೆ. ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಅರಬರು ಯಾಕೆ ಅಷ್ಟು ಜನ? ಫೋರ್ಡ್ ಕಂಪನಿ 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಅಂತ ಸಾರಿತು, ಲೆಬನಾನ್, ಸಿರಿಯಾ ಕಡೆಯವರು ಬಂದರು, ಆಮೇಲೆ ಫೋರ್ಡ್‌ನ ರೂಜ್ ಕಾರ್ಖಾನೆ ಡಿಯರ್‌ಬಾರ್ನ್‌ನಲ್ಲಿ ಎದ್ದಾಗ ಅವರೂ ಅದರ ಹಿಂದೆ ಹೋದರು, ಅವರ ಹಿಂದೆ ಯೆಮನ್, ಇರಾಕ್, ಪ್ಯಾಲೆಸ್ತೀನ್ ಜನ. ಈಗ ಆ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರಬ್ ಮತ್ತು ಪಶ್ಚಿಮ ಏಷ್ಯಾ ಮೂಲದವರು. ಅರಬ್ ಅಮೆರಿಕನ್ ನ್ಯಾಷನಲ್ ಮ್ಯೂಸಿಯಂ 2005ರಲ್ಲಿ ತೆರೆದಿದ್ದೂ ಅಲ್ಲೇ. ಸ್ವಲ್ಪ ದೂರದ ಹ್ಯಾಮ್‌ಟ್ರ್ಯಾಮಕ್ ಎರಡು ಚದರ ಮೈಲಿಯ ಪುಟ್ಟ ಊರು, ಡೆಟ್ರಾಯ್ಟ್ ಹೊಟ್ಟೆಯೊಳಗೇ ಇದೆ. ಡಾಡ್ಜ್ ಕಾರ್ಖಾನೆಗೆ ಬಂದ ಪೋಲಿಷ್ ಜನರ ಊರು ಅದು, 1987ರಲ್ಲಿ ಪೋಲೆಂಡಿನವರೇ ಆದ ಪೋಪ್ ಎರಡನೇ ಜಾನ್ ಪಾಲ್ ಅಲ್ಲಿಗೆ ಬಂದಿದ್ದರು. ಕಾರ್ಖಾನೆ 1980ರಲ್ಲಿ ಮುಚ್ಚಿತು, ಪೋಲಿಷ್ ಮಕ್ಕಳು ಹೊರಟರು, ಮನೆ ಅಗ್ಗವಾಯಿತು, ಬಾಂಗ್ಲಾದೇಶ, ಯೆಮನ್ ಜನ ಬಂದರು. 2022ರ ಜನವರಿಯಿಂದ ನಗರಸಭೆಯ ಸದಸ್ಯರೆಲ್ಲರೂ ಮುಸ್ಲಿಮರೇ ಆಗಿದ್ದರು. ಅಗ್ಗದ ಮನೆ ಅನ್ನುವುದು ಕೂಡ ಒಂದು ಕಾರಣ ಅಂತ ಇಲ್ಲಿ ಗುರುತು ಹಾಕಿಕೊಳ್ಳಿ.

ಕೋಳಿ, ದನದ ಮಾಂಸದ ಕಾರ್ಖಾನೆ ಎಲ್ಲಿದೆಯೋ ಅಲ್ಲಿ ನೀವು ಊಹಿಸದ ಜನ ಸಿಗುತ್ತಾರೆ. ಅರ್ಕನ್ಸಾ ರಾಜ್ಯದ ಸ್ಪ್ರಿಂಗ್‌ಡೇಲ್ ಸಮುದ್ರದಿಂದ ನೂರಾರು ಮೈಲಿ ಒಳಗಿನ ಊರು. ಅಲ್ಲಿ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪದವರು ಸಾವಿರಾರು ಜನ ಇದ್ದಾರೆ. 1986ರಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಅವರು ವೀಸಾ ಇಲ್ಲದೆ ಬಂದು ಕೆಲಸ ಮಾಡಬಹುದು. ಟೈಸನ್ ಕೋಳಿ ಕಂಪನಿಯ ಮುಖ್ಯ ಕಚೇರಿ ಅದೇ ಊರಿನಲ್ಲಿ. ಲೆಕ್ಕ ಸರಿಹೋಯಿತಲ್ಲ. ಕ್ಯಾನ್ಸಸ್‌ನ ಗಾರ್ಡನ್ ಸಿಟಿ, ಅಯೋವಾದ ಸ್ಟಾರ್ಮ್ ಲೇಕ್ ಕೂಡ ಇದೇ ಜಾತಿಯ ಊರುಗಳು. ಐಡಾಹೊ ರಾಜ್ಯದ ಬಾಯ್ಸಿಗೆ ಸ್ಪೇನ್, ಫ್ರಾನ್ಸ್ ಗಡಿಯ ಬಾಸ್ಕ್ ಜನ ಬಂದಿದ್ದು ಕುರಿ ಮೇಯಿಸಲು, ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ಗೆ ಪೋರ್ಚುಗೀಸರು ಬಂದಿದ್ದು ತಿಮಿಂಗಿಲ ಬೇಟೆಯ ಹಡಗು ಹತ್ತಿ. ಸ್ಯಾನ್ ಡಿಯೇಗೊ ಪಕ್ಕದ ನ್ಯಾಷನಲ್ ಸಿಟಿಯಲ್ಲಿ ಫಿಲಿಪಿನೊಗಳು ಜಾಸ್ತಿ, ಕಾರಣ ನೌಕಾಪಡೆ.

ಎರಡನೆಯದು ಸರ್ಕಾರ ತಂದು ಇಳಿಸಿದವರು, ಅಂದರೆ ನಿರಾಶ್ರಿತರು. ಇವರು ತಾವು ಹೋಗುವ ಊರನ್ನು ತಾವೇ ಆರಿಸಿಕೊಂಡವರಲ್ಲ, ಕನಿಷ್ಠ ಮೊದಲ ಸಲವಂತೂ ಅಲ್ಲ. 1975ರಲ್ಲಿ ಸೈಗಾನ್ ಬಿದ್ದಾಗ ವಿಯೆಟ್ನಾಮಿನವರನ್ನು ನಾಲ್ಕು ಸೇನಾ ಶಿಬಿರಗಳಲ್ಲಿ ಇಳಿಸಿ, ಒಂದೇ ಕಡೆ ಗುಂಪಾಗದಿರಲಿ ಅಂತ ದೇಶದ ತುಂಬ ಹಂಚಿಬಿಟ್ಟರು. ಹಂಚಿದ್ದೇನೋ ಸರಿ, ಜನ ನಿಂತರೇ? ಚಳಿ ತಡೆಯಲಾರದೆ, ಭಾಷೆ ಬರದೆ, ಬಂಧುಗಳನ್ನು ಹುಡುಕಿಕೊಂಡು ಒಬ್ಬೊಬ್ಬರಾಗಿ ಕ್ಯಾಲಿಫೋರ್ನಿಯಾಗೆ, ಟೆಕ್ಸಸ್‌ಗೆ ಹೊರಟರು. ಆ ನಾಲ್ಕರಲ್ಲಿ ಒಂದಾದ ಪೆಂಡಲ್ಟನ್ ಶಿಬಿರ ಇದ್ದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೇ, ವೆಸ್ಟ್‌ಮಿನ್‌ಸ್ಟರ್ ಮತ್ತು ಗಾರ್ಡನ್ ಗ್ರೋವ್ ಊರುಗಳ ಬೋಲ್ಸಾ ಅವೆನ್ಯೂ ಸುತ್ತ ಲಿಟಲ್ ಸೈಗಾನ್ ಬೆಳೆಯಿತು. ಇನ್ನೊಂದು ದೊಡ್ಡ ಗುಂಪು ಸ್ಯಾನ್ ಹೋಸೆಯಲ್ಲಿ, ಮತ್ತೊಂದು ಹ್ಯೂಸ್ಟನ್‌ನ ಬೆಲ್ಲೇರ್ ಬುಲೆವಾರ್ಡ್‌ನಲ್ಲಿ. ಹೀಗೆ ಇಳಿಸಿದ ಕಡೆಯಿಂದ ಎದ್ದು ಮತ್ತೊಂದು ಕಡೆ ಹೋಗುವುದು ಹೊಸದಲ್ಲ. ಮೇಯ್ನ್ ರಾಜ್ಯದ ಲೂಯಿಸ್ಟನ್‌ಗೆ 2001ರಿಂದ ಸೋಮಾಲಿಗಳು ಬಂದಿದ್ದು ಹೀಗೇ. ಹಿಂದೆ ಫ್ರೆಂಚ್ ಕೆನಡಿಯನ್ನರು ಬಟ್ಟೆ ಗಿರಣಿಗೆ ಬಂದು ನೆಲೆಸಿದ್ದ ಊರು ಅದು.

ಈ ಲೆಕ್ಕ ಹಿಡಿದು ನಕ್ಷೆ ನೋಡಿದರೆ ಎಷ್ಟೋ ಒಗಟು ಬಿಡಿಸಿಕೊಳ್ಳುತ್ತವೆ. ಸೋಮಾಲಿಗಳ ದೊಡ್ಡ ನೆಲೆ ಮಿನಿಯಾಪೊಲಿಸ್‌ನ ಸೀಡರ್ ರಿವರ್‌ಸೈಡ್, ಒಂದು ಕಾಲಕ್ಕೆ ಸ್ವೀಡನ್, ನಾರ್ವೆ ಜನರಿದ್ದ ಜಾಗ. ನದಿ ದಾಟಿ ಸೇಂಟ್ ಪಾಲ್‌ಗೆ ಹೋದರೆ ಲಾವೋಸಿನಿಂದ ಬಂದ ಮಾಂಗ್ ಜನ, ಅವರದೇ ಎರಡು ದೊಡ್ಡ ಸಂತೆ. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲೂ ಇವರಿದ್ದಾರೆ. ಬೋಸ್ನಿಯನ್ನರು ಸೇಂಟ್ ಲೂಯಿಸ್‌ನ ಬೀವೊ ಮಿಲ್‌ನಲ್ಲಿ. ಕುರ್ದರು ನ್ಯಾಶ್‌ವಿಲ್‌ನಲ್ಲಿ, ಇರಾಕಿನ ಅಲ್ಪಸಂಖ್ಯಾತ ಯಜಿದಿಗಳು ನೆಬ್ರಾಸ್ಕಾದ ಲಿಂಕನ್‌ನಲ್ಲಿ. ಕಾಂಬೋಡಿಯಾದವರು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಮತ್ತು ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ. ಬರ್ಮಾದ ಚಿನ್ ಜನ ಇಂಡಿಯಾನಾಪೊಲಿಸ್‌ನಲ್ಲಿ. ಭೂತಾನದಿಂದ ಹೊರದಬ್ಬಿಸಿಕೊಂಡ ನೇಪಾಳಿ ಮಾತಿನ ಜನ 2008ರಿಂದ ಬರತೊಡಗಿದರು, ಒಟ್ಟು 90 ಸಾವಿರಕ್ಕೂ ಹೆಚ್ಚು. ಅವರನ್ನು ನೋಡಬೇಕು ಅಂದರೆ ಒಹಾಯೊದ ಕೊಲಂಬಸ್ ಮತ್ತು ಅಕ್ರನ್, ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್. ಅಟ್ಲಾಂಟಾ ಪಕ್ಕದ ಕ್ಲಾರ್ಕ್‌ಸ್ಟನ್ ಅಂತೂ ಚಿಕ್ಕ ಊರಾದರೂ ಹತ್ತಾರು ದೇಶದ ನಿರಾಶ್ರಿತರನ್ನು ಇಟ್ಟುಕೊಂಡಿದೆ.

ಮೂರನೆಯದು ಬಂಧುಗಳ ಸರಪಳಿ. 1965ರ ವಲಸೆ ಕಾನೂನು ದೇಶವಾರು ಹಳೆಯ ಕೋಟಾ ಕಿತ್ತುಹಾಕಿ, ಕುಟುಂಬದವರನ್ನು ಕರೆಸಿಕೊಳ್ಳಲು ಬಾಗಿಲು ತೆರೆಯಿತು. ಒಬ್ಬ ಬಂದು ತಮ್ಮನನ್ನು ಕರೆಸಿದ, ತಮ್ಮ ಹೆಂಡತಿಯನ್ನು, ಆಕೆ ತನ್ನ ಅಣ್ಣನನ್ನು. ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಡೊಮಿನಿಕನ್ನರು, ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಆರ್ಮೇನಿಯನ್ನರು, ನ್ಯೂಯಾರ್ಕಿನದೇ ಬ್ರೈಟನ್ ಬೀಚ್‌ನಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಯಹೂದಿಗಳು, ಎಲ್ಲರ ಕತೆಯಲ್ಲೂ ಈ ಸರಪಳಿ ಕಾಣುತ್ತದೆ.

ನಾಲ್ಕನೆಯದು ಬೇಲಿ. ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್ ಈಗ ಪ್ರವಾಸಿಗರ ಜಾಗ ಆಗಿರಬಹುದು, ಆದರೆ 1882ರ ಕಾನೂನು ಚೀನೀ ಕೂಲಿಗಳ ವಲಸೆಯನ್ನೇ ನಿಲ್ಲಿಸಿದ ಕಾಲದಲ್ಲಿ ಅದು ಹೊರಗೆ ಹೊಡೆತ ತಿನ್ನುವವರು ಒಳಗೆ ಸೇರಿಕೊಳ್ಳುವ ಜಾಗವಾಗಿತ್ತು. ಆಫ್ರಿಕನ್ ಅಮೆರಿಕನ್ನರು 1910ರಿಂದ 1970ರವರೆಗೆ ಸುಮಾರು 60 ಲಕ್ಷ ಜನ ದಕ್ಷಿಣ ಬಿಟ್ಟು ಹೊರಟರು. ಇವರು ಹೋದ ದಾರಿ ರೈಲ್ವೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಮಿಸಿಸಿಪ್ಪಿಯವರು ಇಲಿನಾಯ್ ಸೆಂಟ್ರಲ್ ರೈಲು ಹಿಡಿದು ಷಿಕಾಗೋದ ಸೌತ್ ಸೈಡ್‌ಗೆ, ಕ್ಯಾರೊಲಿನಾ ಕಡೆಯವರು ನ್ಯೂಯಾರ್ಕಿನ ಹಾರ್ಲೆಮ್‌ಗೆ, ಲೂಯಿಸಿಯಾನಾ, ಟೆಕ್ಸಸ್‌ನವರು ಲಾಸ್ ಏಂಜಲೀಸ್, ಓಕ್‌ಲೆಂಡ್‌ಗೆ. ಅಲ್ಲಿ ಇಳಿದ ಮೇಲೆ ಯಾವ ಬೀದಿಯಲ್ಲಿ ಇರಬೇಕು ಅನ್ನುವುದನ್ನು ಮೊದಲು ಹೇಳಿದ ಆ ಕೆಂಪು ನಕ್ಷೆ ಮತ್ತು ಮನೆಪತ್ರದ ಷರತ್ತು ತೀರ್ಮಾನಿಸುತ್ತಿದ್ದವು. ಈಗ ಅದೇ ಜನರ ಮಕ್ಕಳು, ಮೊಮ್ಮಕ್ಕಳು ವಾಪಸ್ ಅಟ್ಲಾಂಟಾ ಕಡೆ ಬರುತ್ತಿದ್ದಾರೆ. ವಾಷಿಂಗ್ಟನ್ ಪಕ್ಕದ ಪ್ರಿನ್ಸ್ ಜಾರ್ಜಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಅನುಕೂಲಸ್ಥ ಆಫ್ರಿಕನ್ ಅಮೆರಿಕನ್ ಕುಟುಂಬಗಳಿಗೆ ಹೆಸರಾದ ಜಾಗ.

ಬಂದ ಕಾರಣ ಒಂದೇ ಇರುವುದಿಲ್ಲ, ಕಲಸಿಕೊಂಡಿರುತ್ತದೆ. ನಮ್ಮ ದೇಶದವರದ್ದೇ ತಗೊಳ್ಳಿ. ಕ್ಯಾಲಿಫೋರ್ನಿಯಾದ ಯೂಬಾ ಸಿಟಿ ಸುತ್ತ ಪಂಜಾಬಿ ರೈತರು 1900ರ ದಶಕದಿಂದಲೇ ಇದ್ದಾರೆ, ಸ್ಟಾಕ್‌ಟನ್ ಗುರುದ್ವಾರ 1912ರದ್ದು. ಊರಿಂದ ಹೆಣ್ಣುಮಕ್ಕಳನ್ನು ಕರೆಸಲಾಗದೆ ಎಷ್ಟೋ ಜನ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಈ ಕತೆಗೂ, ಸಾಫ್ಟ್‌ವೇರ್ ವೀಸಾದಲ್ಲಿ ಬಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್, ಟೆಕ್ಸಸ್‌ನ ಫ್ರಿಸ್ಕೊ, ಅರ್ವಿಂಗ್, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೂತವರ ಕತೆಗೂ ಏನು ಸಂಬಂಧ? ಜನಗಣತಿಯಲ್ಲಿ ಮಾತ್ರ ಇಬ್ಬರೂ ಒಂದೇ ಸಾಲು.

ಈಗ ಅಂಕಿ ಅಂಶ

ಸೆನ್ಸಸ್ ಬ್ಯೂರೊದ ವೆಬ್‌ಸೈಟ್ ಡೇಟಾ ಡಾಟ್ ಸೆನ್ಸಸ್ ಡಾಟ್ ಗವ್. ದುಡ್ಡು ಬೇಡ, ಲಾಗಿನ್ ಬೇಡ. ಹತ್ತು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಗಣತಿಗಿಂತ ನಿಮಗೆ ಬೇಕಾಗುವುದು ಅಮೆರಿಕನ್ ಕಮ್ಯುನಿಟಿ ಸರ್ವೆ. ಇದು ವರ್ಷ ಪೂರ್ತಿ ನಡೆಯುತ್ತಲೇ ಇರುತ್ತದೆ. ಒಂದು ವರ್ಷದ ಅಂಕಿ, ಐದು ವರ್ಷದ ಅಂಕಿ ಅಂತ ಎರಡು ಸಿಗುತ್ತವೆ. ಬಡಾವಣೆ ಮಟ್ಟಕ್ಕೆ ಇಳಿಯಬೇಕು ಅಂದರೆ ಐದು ವರ್ಷದ್ದೇ ಬೇಕು.

ಹುಡುಕುವ ಪೆಟ್ಟಿಗೆಯಲ್ಲಿ ಪಟ್ಟಿಯ ಸಂಖ್ಯೆ ಹಾಕಿ. ಬಿ05006 ಅಂದರೆ ವಿದೇಶದಲ್ಲಿ ಹುಟ್ಟಿದವರು, ಯಾವ ದೇಶ ಅಂತ. ಬಿ02015 ಏಷ್ಯಾ ಮೂಲದವರ ವಿವರ. ಬಿ03001 ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರದ್ದು. ಬಿ04006 ಪೂರ್ವಜರು ಎಲ್ಲಿಯವರು ಅಂತ. ಆಮೇಲೆ ಜಾಗ ಆರಿಸುವಾಗ ಕೌಂಟಿ ಅಂತ ಬಿಡದೆ ಸೆನ್ಸಸ್ ಟ್ರ್ಯಾಕ್ಟ್ ಅಂತ ಆರಿಸಿ. ಒಂದು ಟ್ರ್ಯಾಕ್ಟ್ ಅಂದರೆ ಸರಾಸರಿ 4,000 ಜನ. ಮ್ಯಾಪ್ ಗುಂಡಿ ಒತ್ತಿದರೆ ಬಣ್ಣದಲ್ಲಿ ಕಾಣುತ್ತದೆ. ಪ್ರತಿ ಅಂಕಿಯ ಪಕ್ಕ ಮಾರ್ಜಿನ್ ಆಫ್ ಎರರ್ ಅಂತ ಇನ್ನೊಂದು ಅಂಕಿ ಇರುತ್ತದೆ, ಅದನ್ನು ಬಿಟ್ಟು ಓದಬೇಡಿ. 120 ಜನ ಇದ್ದಾರೆ, ಹೆಚ್ಚುಕಮ್ಮಿ 110 ಅಂತ ಇದ್ದರೆ ಅದರಿಂದ ಏನೂ ಗೊತ್ತಾಗಲಿಲ್ಲ ಅಂತ ಅರ್ಥ.

ಎಡವುವ ಜಾಗಗಳು ಬೇಕಾದಷ್ಟಿವೆ. ನಾನು ಎಡವಿದ್ದು ಮೊದಲನೆಯದರಲ್ಲೇ. ಸೆನ್ಸಸ್‌ನಲ್ಲಿ ಅಮೆರಿಕನ್ ಇಂಡಿಯನ್ ಅಂದರೆ ಅಲ್ಲಿನ ಮೂಲನಿವಾಸಿಗಳು. ನಾವು ಏಷಿಯನ್ ಇಂಡಿಯನ್. ಇದು ಗೊತ್ತಿಲ್ಲದೆ ಒಂದು ಸಂಜೆ ಪೂರ್ತಿ ಒಕ್ಲಹೋಮಾ ನಕ್ಷೆ ನೋಡಿ, ಅಬ್ಬಾ ನಮ್ಮವರು ಇಲ್ಲಿ ಇಷ್ಟು ಜನ ಇದ್ದಾರಾ ಅಂತ ಬೆರಗಾಗಿದ್ದೆ.

ಪೋರ್ಟೊ ರಿಕೊದವರನ್ನು ಬಿ05006ರಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರು 1917ರಿಂದಲೇ ಅಮೆರಿಕದ ಪ್ರಜೆಗಳು, ಹಾಗಾಗಿ ವಿದೇಶದಲ್ಲಿ ಹುಟ್ಟಿದವರಲ್ಲ. ಬಿ03001 ನೋಡಿ, ಆಗ ಫ್ಲಾರಿಡಾದ ಕಿಸಿಮ್ಮಿ, ಒರ್ಲ್ಯಾಂಡೊ ಕಾಣುತ್ತವೆ. 2017ರ ಮರಿಯಾ ಚಂಡಮಾರುತದ ನಂತರ ಅಲ್ಲಿಗೆ ಬಂದವರು ಇನ್ನೂ ಹೆಚ್ಚು. ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಬಿ05006ರಲ್ಲಿ ಇಲ್ಲ, ಆದ್ದರಿಂದ ಎರಡು ಮೂರು ತಲೆಮಾರು ಕಳೆದ ಜಪಾನೀ, ಚೀನೀ ಕುಟುಂಬಗಳಿಗೆ ಆ ಪಟ್ಟಿ ಕೈಕೊಡುತ್ತದೆ. ಅರಬರು, ಇರಾನಿಗಳು ಇಷ್ಟು ವರ್ಷ ಬಿಳಿಯರ ಲೆಕ್ಕಕ್ಕೇ ಸೇರುತ್ತಿದ್ದರು. ಅವರಿಗೆ ಬೇರೆ ವರ್ಗ ಮಾಡಬೇಕು ಅಂತ ಕೇಂದ್ರ ಸರ್ಕಾರ ನಿಯಮ ಬದಲಿಸಿದ್ದು 2024ರ ಮಾರ್ಚ್‌ನಲ್ಲಿ. ಧರ್ಮವನ್ನಂತೂ ಸೆನ್ಸಸ್ ಕೇಳುವುದೇ ಇಲ್ಲ. ಯಹೂದಿಗಳು, ಮುಸ್ಲಿಮರು ಎಷ್ಟು ಅಂತ ಅಲ್ಲಿ ಹುಡುಕಬೇಡಿ.

ಇನ್ನು ಕನ್ನಡಿಗರು. ಮನೆಯಲ್ಲಿ ಆಡುವ ಭಾಷೆಯ ಪಟ್ಟಿ ಬಿ16001. ಅದರಲ್ಲಿ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು. ಕನ್ನಡ? ಮಲಯಾಳಂ, ಕನ್ನಡ ಮತ್ತು ಇತರೆ ದ್ರಾವಿಡ ಭಾಷೆಗಳು ಅಂತ ಒಂದೇ ಗಂಟು. ಮಲಯಾಳಿಗಳ ಜೊತೆ ನಮ್ಮನ್ನು ಕಟ್ಟಿಹಾಕಿದ್ದಾರೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ನಮ್ಮವರನ್ನು ಹುಡುಕಲು ಸೆನ್ಸಸ್ ಬಿಟ್ಟು ಕನ್ನಡ ಕೂಟಗಳ ಹಿಂದೆ ಹೋಗುವುದೇ ಸರಿ. ಡೆಟ್ರಾಯ್ಟ್‌ನಲ್ಲಿ ಪಂಪ, ಅಟ್ಲಾಂಟಾದಲ್ಲಿ ನೃಪತುಂಗ, ಷಿಕಾಗೋದಲ್ಲಿ ವಿದ್ಯಾರಣ್ಯ, ನ್ಯೂಜೆರ್ಸಿಯಲ್ಲಿ ಬೃಂದಾವನ, ವಾಷಿಂಗ್ಟನ್‌ನಲ್ಲಿ ಕಾವೇರಿ, ಸಿಯಾಟಲ್‌ನಲ್ಲಿ ಸಹ್ಯಾದ್ರಿ. ಹೆಸರು ಕೇಳಿದರೇ ಹೊಟ್ಟೆ ತಣ್ಣಗಾಗುತ್ತದೆ. ಕೂಟದ ಶನಿವಾರ, ಭಾನುವಾರದ ಕನ್ನಡ ಕಲಿ ತರಗತಿ ಯಾವ ಯಾವ ಊರಿನಲ್ಲಿ ನಡೆಯುತ್ತದೆ ಅಂತ ನೋಡಿ. ಮಕ್ಕಳನ್ನು ವಾರ ವಾರ ದೂರ ಕರೆದುಕೊಂಡು ಹೋಗಲು ಯಾರಿಗೂ ಪುರುಸೊತ್ತಿಲ್ಲ, ಅಲ್ವಾ? ತರಗತಿ ಇರುವಲ್ಲೇ ಮನೆಗಳೂ ಇರುತ್ತವೆ.

ಕಣ್ಣಿಗೆ ಕಾಣುವ ಗುರುತು

ಅಂಕಿ ನಾಲ್ಕೈದು ವರ್ಷ ಹಳೆಯದಾಗಿರುತ್ತದೆ. ಕಿರಾಣಿ ಅಂಗಡಿ ಇವತ್ತಿನದು. ದೊಡ್ಡ ಅಂಗಡಿ ಸರಣಿಗಳು ಜನ ಎಷ್ಟಿದ್ದಾರೆ ಅಂತ ಲೆಕ್ಕ ಹಾಕದೆ ಬಾಡಿಗೆ ಕಟ್ಟುವುದಿಲ್ಲ, ಅವರ ಆ ಲೆಕ್ಕ ನಿಮಗೆ ಪುಕ್ಕಟೆ. ಕೊರಿಯನ್ ಕಿರಾಣಿ ಸರಣಿ ಎಚ್ ಮಾರ್ಟ್ ಹೊಸದಾಗಿ ಬಂತು ಅಂದರೆ ಕೊರಿಯನ್ನರು ಸುತ್ತ ಇದ್ದಾರೆ ಅಥವಾ ಬರುತ್ತಿದ್ದಾರೆ. ನ್ಯೂಜೆರ್ಸಿಯ ಪ್ಯಾಲಿಸೇಡ್ಸ್ ಪಾರ್ಕ್, ವರ್ಜೀನಿಯಾದ ಆನಂಡೇಲ್, ಜಾರ್ಜಿಯಾದ ಡುಲೂತ್, ಇವೆಲ್ಲ ಕೊರಿಯನ್ನರ ಉಪನಗರಗಳು. ಅಂಗಡಿಯ ಗಾತ್ರಕ್ಕಿಂತ ನೋಟಿಸ್ ಬೋರ್ಡು ಮುಖ್ಯ. ಬಾಗಿಲ ಪಕ್ಕ ರೂಮು ಬಾಡಿಗೆಗಿದೆ, ಮಗು ನೋಡಿಕೊಳ್ಳುತ್ತೇನೆ, ಟಿಫಿನ್ ಕೊಡುತ್ತೇನೆ ಅಂತ ಚೀಟಿ ಅಂಟಿಸಿದ್ದರೆ ಜನ ಅಲ್ಲೇ ನಡೆಯುವ ದೂರದಲ್ಲಿದ್ದಾರೆ. ಬರೀ ಸಂಗೀತ ಕಾರ್ಯಕ್ರಮದ ದೊಡ್ಡ ಪೋಸ್ಟರ್ ಇದ್ದರೆ ಕಾರಿನಲ್ಲಿ ಬರುವವರ ಅಂಗಡಿ.

ಮತಪತ್ರ ಇನ್ನೊಂದು ಗುರುತು, ಇದನ್ನು ಬಹಳ ಜನ ಗಮನಿಸುವುದಿಲ್ಲ. 1975ರಲ್ಲಿ ಮತದಾನ ಹಕ್ಕಿನ ಕಾನೂನಿಗೆ ಸೇರಿಸಿದ 203ನೇ ಸೆಕ್ಷನ್ ಪ್ರಕಾರ, ಇಂಗ್ಲಿಷ್ ಸರಿಯಾಗಿ ಬರದ ಒಂದು ಭಾಷೆಯ ಮತದಾರರು 10,000 ದಾಟಿದರೆ ಅಥವಾ ಶೇ 5ಕ್ಕಿಂತ ಜಾಸ್ತಿ ಇದ್ದರೆ, ಇನ್ನೂ ಒಂದೆರಡು ಷರತ್ತಿನೊಂದಿಗೆ, ಆ ಭಾಷೆಯಲ್ಲೂ ಚುನಾವಣೆಯ ಕಾಗದ ಕೊಡಬೇಕು. ಆ ಹ್ಯಾಮ್‌ಟ್ರ್ಯಾಮಕ್‌ನಲ್ಲಿ ಬಂಗಾಳಿ ಬಂದಿದ್ದು ಹೀಗೆ, ಷಿಕಾಗೋದಲ್ಲಿ ಹಿಂದಿ ಬಂದಿದ್ದೂ ಹೀಗೆ. ಆದರೆ ಈ ಕಾನೂನು ಸ್ಪ್ಯಾನಿಷ್, ಏಷ್ಯಾದ ಭಾಷೆಗಳು ಮತ್ತು ಮೂಲನಿವಾಸಿಗಳ ಭಾಷೆಗಳಿಗೆ ಮಾತ್ರ. ರಷ್ಯನ್, ಸೋಮಾಲಿ ಇದರೊಳಗೆ ಬರುವುದಿಲ್ಲ. ಇನ್ನು ಹೊಸಬರು ಪ್ರಜೆಗಳಾಗುವುದಕ್ಕೇ ವರ್ಷಗಟ್ಟಲೆ ಬೇಕು, ಅಲ್ಲಿಯವರೆಗೆ ಮತಪತ್ರದಲ್ಲಿ ಅವರ ಸುಳಿವಿರುವುದಿಲ್ಲ. ಹೊಸಬರಿಗೆ ಲೈಬ್ರರಿ ನೋಡಿ. ಮಕ್ಕಳ ಪುಸ್ತಕದ ಕಪಾಟಿನಲ್ಲಿ ಯಾವ ಭಾಷೆ ಇದೆ, ಶಾಲೆಯಿಂದ ಮನೆಗೆ ಬರುವ ಕಾಗದ ಎಷ್ಟು ಭಾಷೆಯಲ್ಲಿದೆ ಅಂತ ನೋಡಿದರೆ ಸಾಕು.

ಊರೊಳಗೆ ಮಾತ್ರ ಹುಡುಕಬೇಡಿ

ಹಿಂದೆ ವಲಸೆ ಬಂದವರು ಊರ ನಡುವಿನ ಹಳೆಯ ಕಟ್ಟಡದಲ್ಲಿ ಇಳಿದು, ದುಡ್ಡಾದ ಮೇಲೆ ಉಪನಗರಕ್ಕೆ ಹೋಗುತ್ತಿದ್ದರು. ಈಗ ಎಷ್ಟೋ ಜನ ವಿಮಾನ ಇಳಿದು ನೇರ ಉಪನಗರಕ್ಕೇ ಹೋಗುತ್ತಾರೆ. ಲಾಸ್ ಏಂಜಲೀಸ್ ಪೂರ್ವದ ಮಾಂಟೆರೆ ಪಾರ್ಕ್‌ನಿಂದ ಇದು ಎದ್ದು ಕಾಣತೊಡಗಿತು. ತೈವಾನ್, ಹಾಂಗ್‌ಕಾಂಗ್‌ನಿಂದ ಬಂದವರು ಅಲ್ಲಿ ಮನೆ ಕೊಂಡರು, ಅಂಗಡಿ ತೆರೆದರು, ಅಲ್ಲಿಂದ ಇಡೀ ಸ್ಯಾನ್ ಗೇಬ್ರಿಯಲ್ ಕಣಿವೆಗೆ ಹರಡಿದರು. ವೇ ಲೀ ಅನ್ನುವ ಭೂಗೋಳ ತಜ್ಞೆ ಇಂಥ ಜಾಗಕ್ಕೆ ಎತ್ನೊಬರ್ಬ್ ಅಂತ ಹೆಸರಿಟ್ಟರು. ಅಟ್ಲಾಂಟಾದ ಬ್ಯೂಫರ್ಡ್ ಹೈವೇ ಇದರ ಇನ್ನೊಂದು ರೂಪ. ಆರು ಏಳು ಲೇನಿನ ರಸ್ತೆ, ಪಕ್ಕದಲ್ಲಿ ಹಳೆಯ ಸ್ಟ್ರಿಪ್ ಮಾಲುಗಳು, ಒಂದೇ ಮಾಲಿನಲ್ಲಿ ವಿಯೆಟ್ನಾಂ ಫೋ, ಮೆಕ್ಸಿಕನ್ ಬೇಕರಿ, ಕೊರಿಯನ್ ಸಲೂನು. ನೋಡಲು ಏನೇನೂ ಚೆಂದ ಇಲ್ಲ, ಊಟ ಮಾತ್ರ ಅದ್ಭುತ.

ಭಾರತೀಯರಿಗಂತೂ ಉಪನಗರವೇ ಊರು. ನಮ್ಮವರು ಎಲ್ಲಿ ಸೇರುತ್ತಾರೆ ಅಂತ ಊಹಿಸಬೇಕಾದರೆ ಕಂಪನಿಯ ಕ್ಯಾಂಪಸ್ ಒಂದು ಕಡೆ, ಒಳ್ಳೆಯ ಅಂಕ ಇರುವ ಶಾಲೆ ಇನ್ನೊಂದು ಕಡೆ ಗುರುತು ಹಾಕಿ, ನಡುವೆ ಅರ್ಧ ಗಂಟೆ ಡ್ರೈವ್ ಇರುವ ಜಾಗ ನೋಡಿ. ಹತ್ತಕ್ಕೆ ಎಂಟು ಸಲ ಸರಿಹೋಗುತ್ತದೆ. ಇದು ನನ್ನ ಲೆಕ್ಕ, ಯಾವ ಪಟ್ಟಿಯಲ್ಲೂ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ಒಂದು ಭಾನುವಾರ ನ್ಯೂಯಾರ್ಕಿಗೆ ಹೋದಾಗ ಕ್ವೀನ್ಸ್‌ನ 7ನೇ ನಂಬರ್ ರೈಲು ಹತ್ತಿ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಳಿ ನೆಲದ ಮೇಲೆ ಎತ್ತರದಲ್ಲಿ ಹೋಗುತ್ತದೆ, ಕಿಟಕಿಯಿಂದ ಬೋರ್ಡು ಓದಬಹುದು. ವುಡ್‌ಸೈಡ್‌ನಲ್ಲಿ ಹಳೆಯ ಐರಿಷ್ ಪಬ್ಬು, ಅದರ ಪಕ್ಕ ಫಿಲಿಪಿನೊ ಬೇಕರಿ. 74ನೇ ಬೀದಿಯಲ್ಲಿ ಇಳಿದರೆ ಜಾಕ್ಸನ್ ಹೈಟ್ಸ್, ಹಿಂದೆ ಭಾರತೀಯರ ಬೀದಿ ಅಂತಲೇ ಹೆಸರು, ಈಗ ಸುತ್ತಿ ನೋಡಿ, ಬಾಂಗ್ಲಾದೇಶದವರು, ನೇಪಾಳಿಗಳು, ಟಿಬೆಟಿಯನ್ನರು ಎಷ್ಟು ಜನ ಅಂತ ಎಣಿಸಿ. ಮತ್ತೆ ಹತ್ತಿ, ಕೊರೋನಾ ಅನ್ನುವ ಬಡಾವಣೆಯಲ್ಲಿ ಈಕ್ವೆಡಾರ್, ಮೆಕ್ಸಿಕೊ ಜನ. ಕೊನೆಯ ನಿಲ್ದಾಣ ಫ್ಲಶಿಂಗ್ ಮೇನ್ ಸ್ಟ್ರೀಟ್, ಮೆಟ್ಟಿಲು ಹತ್ತಿ ಮೇಲೆ ಬಂದರೆ ಚೀನೀ ಬೋರ್ಡುಗಳ ಕಾಡು. ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ನಿಮಿಷ ನಡೆದರೆ ಬೌನ್ ಬೀದಿಯಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣೇಶನ ಗುಡಿ. ಅದರ ನೆಲಮಾಳಿಗೆಯಲ್ಲಿ ಕ್ಯಾಂಟೀನ್ ಇದೆ. ದೋಸೆ ತಗೊಂಡು ಒಂದು ಮೂಲೆಯಲ್ಲಿ ಕೂತು, ಪಕ್ಕದ ಮೇಜಿನಲ್ಲಿ ಯಾವ ಯಾವ ಭಾಷೆ ಕೇಳುತ್ತದೆ, ಯಾರು ರೈಲಿನಲ್ಲಿ ಬಂದರು, ಯಾರು ಲಾಂಗ್ ಐಲೆಂಡ್‌ನಿಂದ ಕಾರಿನಲ್ಲಿ ಬಂದರು ಅಂತ ಊಹಿಸಿ. ಕನ್ನಡ ಕಿವಿಗೆ ಬಿದ್ದರೆ ಮಾತಾಡಿಸಿ, ಮನೆ ಎಲ್ಲಿ ಅಂತ ಕೇಳಿ. ಅವರು ಏಜೆಂಟ್ ಅಲ್ಲ, ಧಾರಾಳವಾಗಿ ಹೇಳುತ್ತಾರೆ.